ಅಳಿಸುವ ಕೆಲಸ

ಎಂಟನೇ ಸಲವೂ ಚಿತ್ರದ ನಾಯಕಿ ಇರ್ಮೆಲಾ ಅಳಲಿಲ್ಲ. ರೈಲು ನಿಲ್ದಾಣದ ಸೆಟ್ಟಿನ ಬೆಂಚಿನ ಮೇಲೆ ಕೂತು, ಮುಖ ಮುಚ್ಚಿಕೊಂಡು, ಭುಜ ಕುಲುಕಿಸಿದಳು. ಬಾಯಿಂದ ಹೊರಟದ್ದು ಬಿಕ್ಕಳಿಕೆಯಂಥ ಒಣ ಸದ್ದು. ಸದ್ದು ಹೊರಬಾರದಂತೆ ಕ್ಯಾಮೆರಾ ಇಟ್ಟಿದ್ದ ಗಾಜಿನ ಗೂಡಿನೊಳಗೆ ಯಾರೋ ನಕ್ಕದ್ದು ಕಾಣಿಸಿತು, ಕೇಳಿಸಲಿಲ್ಲ. ಮೈಕಿಗೆ ಸದ್ದಾಗುತ್ತದೆಂದು ಫ್ಯಾನುಗಳನ್ನೂ ನಿಲ್ಲಿಸಿದ್ದರು. ದೀಪಗಳ ಧಗೆಗೆ ಎಲ್ಲರ ಬಣ್ಣವೂ ಕರಗಿ ಕುತ್ತಿಗೆಗೆ ಇಳಿಯುತ್ತಿತ್ತು.

ನಿಲ್ದಾಣದಲ್ಲಿ ಕಸ ಗುಡಿಸುವ ಮುದುಕಿಯ ವೇಷ ಹಾಕಿದ್ದ ಒಟಿಲಿ ಬ್ರಾಂಕೊ ಪೊರಕೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಈ ಚಿತ್ರದಲ್ಲಿ ಅವಳಿಗಿದ್ದದ್ದು ಒಂದೇ ಮಾತು: "ರೈಲು ಹೋಯ್ತಮ್ಮ." ಆ ಒಂದು ಮಾತಿಗಾಗಿ ಎರಡು ವರ್ಷ ಕಾದಿದ್ದಳು. ಹಿಂದೊಮ್ಮೆ ಬರ್ಲಿನ್ನಿನಲ್ಲಿ ಅವಳ ಮುಖವಿಲ್ಲದ ಬೀದಿಯಿರಲಿಲ್ಲ. ಹುಡುಗಿಯರು ಅವಳ ಹಾಗೆ ಹುಬ್ಬು ತೀಡಿಕೊಳ್ಳುತ್ತಿದ್ದರು. ಅಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಪತ್ರಿಕೆಗಳು ಬರೆದಿದ್ದವು. ಆಮೇಲೆ ಚಿತ್ರಗಳಿಗೆ ಮಾತು ಬಂತು. ಸಿಲೇಸಿಯಾದ ಹಳ್ಳಿಯ ಅವಳ ಒರಟು ಉಚ್ಚಾರಣೆಯನ್ನು ಮೈಕಿನಲ್ಲಿ ಕೇಳಿದವರು ಮುಖ ಮುಖ ನೋಡಿಕೊಂಡರು. ಅಲ್ಲಿಗೆ ಮುಗಿಯಿತು.

ಅವಳಿಗೆ ಆ ಹೆಸರು ತಂದುಕೊಟ್ಟವನು ಇದೇ ನಿರ್ದೇಶಕ ಹಾಸೆ. ಅಂದು ಅಳುವ ದೃಶ್ಯದ ದಿನ ಬೆಳಿಗ್ಗೆ ಅವಳ ತಂಗಿ ಸತ್ತಳೆಂದು ತಂತಿ ಬಂದಿತ್ತು. ಹಾಸೆ ಅದನ್ನು ಮೂರು ಗಂಟೆ ತನ್ನ ಜೇಬಿನಲ್ಲಿಟ್ಟುಕೊಂಡಿದ್ದು, ಕ್ಯಾಮೆರಾ ತಿರುಗತೊಡಗಿದ ಮೇಲೆ ಅವಳ ಕೈಗೆ ಕೊಡಿಸಿದ್ದ. ಕಥೆಯಲ್ಲಿ ಅದು ಪ್ರಿಯಕರನ ಕಾಗದ. ಅವಳು ತಂಗಿಯ ಹೆಸರು ಹಿಡಿದು ಕೂಗಿದ್ದಳು. ಪರದೆಯ ಮೇಲೆ ಅಕ್ಷರಗಳಲ್ಲಿ ಮೂಡಿದ್ದು 'ಹೋಗಬೇಡ, ನನ್ನೊಲವೇ' ಎಂದು. ದೇಶವೆಲ್ಲ ಅತ್ತಿತು. ಅವಳು ಹಾಸೆಯ ಮುಖ ನೋಡುವುದಿಲ್ಲ ಎಂದು ಆಣೆ ಮಾಡಿ, ಮುಂದಿನ ಮೂರು ಚಿತ್ರಗಳನ್ನು ಅವನ ಜೊತೆಗೇ ಮಾಡಿದಳು.

ಈಗ ಹಾಸೆ ಬೆವರು ಒರೆಸಿಕೊಳ್ಳುತ್ತ ಒಟಿಲಿಯ ಹತ್ತಿರ ಬಂದ.

"ಊಟದ ಹೊತ್ತಿಗೆ ಇವಳು ಅಳ್ದಿದ್ರೆ ಈ ಸೀನನ್ನೇ ಕಿತ್ತು ಹಾಕ್ತೀನಿ, ಓಟಿ. ನಿನ್ನ ಮಾತೂ ಅದ್ರ ಜೊತೆ ಹೋಗುತ್ತೆ."

"ಅದಕ್ಕೆ ನಾನೇನ್ ಮಾಡ್ಲಿ?"

"ನಿನಗೆ ಹೇಳ್ಕೊಡ್ಬೇಕಾ? ನಿನ್ನ ಹತ್ರ ಎಲ್ಲಾ ಹೇಳ್ಕೋತಾಳಂತಲ್ಲ."

ಹೇಳಿಕೊಂಡಿದ್ದಳು, ನಿಜ. ಹಿಂದಿನ ದಿನ ಬಣ್ಣದ ಕೋಣೆಯಲ್ಲಿ ಇಬ್ಬರೇ ಇದ್ದಾಗ ಇರ್ಮೆಲಾ ಒಂದು ಪುಟ್ಟ ಫೋಟೋ ತೋರಿಸಿದ್ದಳು. ಆನ್‌ಸೆಲ್ಮ್, ಅವಳ ಎರಡು ವರ್ಷದ ಮಗ. ಲುಕೆನ್‌ವಾಲ್ಡೆಯಲ್ಲಿ ಒಬ್ಬ ವಿಧವೆಯ ಹತ್ತಿರ ಬೆಳೆಯುತ್ತಿದ್ದ, ವಾರದಿಂದ ನಾಯಿಕೆಮ್ಮು. ಕಂಪನಿಗೆ ಇದು ಗೊತ್ತಿರಲಿಲ್ಲ. ಸನ್ಯಾಸಿನಿಯರ ಶಾಲೆಯಲ್ಲಿ ಬೆಳೆದ ಮುಗ್ಧ ಕನ್ಯೆ ಎಂದು ಅವರು ಎಲ್ಲೆಡೆ ಸಾರಿದ್ದರು. ನಡತೆಯ ಮೇಲೆ ಒಂದು ಮಾತು ಬಂದರೂ ಅಂದೇ ಹೊರಗೆ ಎಂದು ಕರಾರಿನಲ್ಲಿ ಬರೆಸಿಕೊಂಡಿದ್ದರು. ಒಟಿಲಿ ಆ ಹುಡುಗಿಯ ತಲೆ ಸವರಿ, ಯಾರಿಗೂ ಹೇಳುವುದಿಲ್ಲ ಎಂದಿದ್ದಳು.

ಒಂಬತ್ತನೇ ಸಲಕ್ಕೆ ದೀಪಗಳು ಹೊತ್ತಿದವು. ಚಿತ್ರೀಕರಣ ಶುರುವೆಂದು ಗಂಟೆ ಬಾರಿಸುವ ಮುಂಚೆ ಒಟಿಲಿ ಹುಡುಗಿಯ ಕಿವಿಯ ಬಳಿ ಬಗ್ಗಿದಳು.

"ಲುಕೆನ್‌ವಾಲ್ಡೆಯಿಂದ ಫೋನ್ ಬಂದಿತ್ತಂತೆ. ಬೆಳಿಗ್ಗೆ ಮಗು..."

ಅಷ್ಟಕ್ಕೇ ನಿಲ್ಲಿಸಿದಳು. ಎಲ್ಲಿ ನಿಲ್ಲಿಸಬೇಕೆಂದು ಅವಳಿಗೆ ಗೊತ್ತಿತ್ತು. ಗಂಟೆ ಬಾರಿಸಿತು.

ಇರ್ಮೆಲಾಳ ಒಳಗಿಂದ ಬಂದ ಕೂಗಿಗೆ ಮೇಲೆ ದೀಪ ಹಿಡಿದಿದ್ದವನು ಹಿಂದೆ ಸರಿದ. "ಆನ್‌ಸೆಲ್ಮ್" ಎಂದು ಕೂಗಿದಳು, ಮತ್ತೆ ಮತ್ತೆ ಕೂಗಿದಳು. ಬೆಂಚಿನಿಂದ ಜಾರಿ ನೆಲಕ್ಕೆ ಬಿದ್ದಳು. ಯಾರೂ ಕ್ಯಾಮೆರಾ ನಿಲ್ಲಿಸಲಿಲ್ಲ. ಒಟಿಲಿ ತಾಳ ತಪ್ಪದೆ ಪೊರಕೆ ಆಡಿಸುತ್ತ ಬಂದು, ಹುಡುಗಿ ಉಸಿರೆಳೆದುಕೊಳ್ಳುವ ಸಂದು ನೋಡಿ ಹೇಳಿದಳು: "ರೈಲು ಹೋಯ್ತಮ್ಮ."

ಹಾಸೆ ಓಡಿಬಂದು ಒಟಿಲಿಯ ಎರಡೂ ಕೆನ್ನೆಗೆ ಮುತ್ತಿಟ್ಟ. ಕಥೆಯ ನಾಯಕನ ಹೆಸರು ಬೇರೆಯಲ್ಲವೇ ಎಂದು ಸಹಾಯಕನೊಬ್ಬ ನೆನಪಿಸಿದ. ನಾಯಕನ ಹೆಸರನ್ನೇ ಬದಲಾಯಿಸಿದರಾಯಿತು, ಈ ಅಳು ಮತ್ತೆ ಸಿಗುತ್ತದೆಯೇ ಎಂದ ಹಾಸೆ.

ಒಟಿಲಿ ನೆಲದ ಮೇಲೆ ಹುಡುಗಿಯ ಪಕ್ಕ ಕೂತು ಅವಳ ಮುಖ ಹಿಡಿದೆತ್ತಿದಳು.

"ಸುಳ್ಳು ಹೇಳ್ದೆ ಕಣೇ. ಯಾರೂ ಫೋನ್ ಮಾಡಿಲ್ಲ. ಮಗು ಚೆನ್ನಾಗಿದೆ."

ಇರ್ಮೆಲಾ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದಳು. "ಯಾವ್ದು ಸುಳ್ಳು? ಆಗ ಹೇಳಿದ್ದಾ, ಈಗ ಹೇಳ್ತಿರೋದಾ?"

ಒಟಿಲಿ ಸತ್ತ ತಂಗಿಯ ಮೇಲೆ ಆಣೆ ಇಟ್ಟಳು. ಹುಡುಗಿ ನಂಬಲಿಲ್ಲ. ಸಂಜೆ ಹೊರಗೆ ಅಂಚೆ ಕಚೇರಿಯಿಂದ ಫೋನ್ ಮಾಡೋಣ, ನಾನೂ ಬರ್ತೀನಿ, ಈಗ ಬೇಡ ಎಂದಳು ಒಟಿಲಿ. ಅಷ್ಟರಲ್ಲಿ ಇರ್ಮೆಲಾ ಕೈ ಕೊಸರಿಕೊಂಡು ಎದ್ದಾಗಿತ್ತು. ಸ್ಟುಡಿಯೋದ ಆ ಭಾಗದಲ್ಲಿದ್ದದ್ದು ಒಂದೇ ಫೋನು. ಅದು ಕಂಪನಿಯ ಮ್ಯಾನೇಜರ್ ಡ್ರಾಸೆಲ್‌ನ ಮೇಜಿನ ಮೇಲೆ.

ಒಟಿಲಿ ಹಿಂದೆಯೇ ಓಡಿದಳು. ಅವಳು ತಲುಪುವ ಹೊತ್ತಿಗೆ ಕೋಣೆಯ ಬಾಗಿಲು ಮುಚ್ಚಿತ್ತು. ದಪ್ಪ ಗಾಜಿನ ಕಿಟಕಿಯಾಚೆ ಹುಡುಗಿ ಎರಡೂ ಕೈಯಲ್ಲಿ ರಿಸೀವರ್ ಹಿಡಿದು ನಿಂತಿದ್ದಳು. ಮೇಜಿನ ಹಿಂದೆ ಡ್ರಾಸೆಲ್ ಬ್ರೆಡ್ಡು, ಸಾಸೇಜು ತಿನ್ನುತ್ತಿದ್ದ. ಒಂದು ಶಬ್ದವೂ ಈಚೆ ಬರುತ್ತಿರಲಿಲ್ಲ. ಆದರೆ ಹದಿನೈದು ವರ್ಷ ಮೂಕಿ ಚಿತ್ರಗಳಲ್ಲಿ ದುಡಿದವಳಿಗೆ ತುಟಿ ಓದುವುದು ಕಷ್ಟವಾಗಲಿಲ್ಲ. ಲುಕೆನ್‌ವಾಲ್ಡೆ, ಎಂದಳು ಹುಡುಗಿ. ಬೇಕರಿಗೆ ಕೊಡಿ. ಮೇಲಿನ ಮನೆಯವಳನ್ನ ಬೇಗ ಕರೀರಿ, ಮಗು ನೋಡ್ಕೊಳ್ಳೋಳನ್ನ. ಯಾರಂದ್ರೆ? ನಾನು. ನಾನು ಅವನಮ್ಮ.

ಡ್ರಾಸೆಲ್‌ನ ದವಡೆ ನಿಂತಿತು.

ಸ್ವಲ್ಪ ಹೊತ್ತಿನಲ್ಲಿ ಇರ್ಮೆಲಾ ಗೋಡೆಗೊರಗಿ ಜಾರಿ ನೆಲಕ್ಕೆ ಕೂತಳು. ರಿಸೀವರನ್ನು ಕಿವಿಗೆ ಒತ್ತಿಕೊಂಡೇ, ಬಣ್ಣ ಕದಡಿದ ಮುಖದಲ್ಲಿ ನಗುತ್ತಿದ್ದಳು. ಇನ್ನೊಂದ್ಸಲ ಕೆಮ್ಮಲಿ, ಕೇಳಿಸ್ಕೋತೀನಿ, ಎನ್ನುತ್ತಿದ್ದಳು.

ಡ್ರಾಸೆಲ್ ಕರವಸ್ತ್ರದಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಖಾನೆ ಎಳೆದು ಇರ್ಮೆಲಾಳ ಕರಾರಿನ ಕಡತ ತೆಗೆದು ಮೇಜಿನ ಮೇಲಿಟ್ಟ. ಎದ್ದು ಕಿಟಕಿಯ ಹತ್ತಿರ ಬಂದವನು ಗಾಜಿನ ಈಚೆ ನಿಂತಿದ್ದ ಒಟಿಲಿಯನ್ನು ಕಂಡು, ಹಳೆಯ ಪರಿಚಯದ ನಗೆ ನಕ್ಕು, ಪರದೆ ಎಳೆದ.