ನಿಂತ ಸಲಾಕೆ

ಕಾಗದಪತ್ರದಲ್ಲಿ ಅವನ ಹೆಸರು ಏನೇ ಇರಲಿ, ವಿದ್ಯುತ್ ಸ್ಥಾವರದಲ್ಲಿ ಎಲ್ಲರಿಗೂ ಅವನು ಮೂಗಿನ ಮೇಷ್ಟ್ರು. ಹಾಗಂತ ಯಾರಿಗೂ ಪಾಠ ಹೇಳಿದವನಲ್ಲ. ಸ್ಥಾವರದ ಹಿಂದೆ ಮೂರಂತಸ್ತಿನ ಎತ್ತರಕ್ಕೆ ಕಲ್ಲಿದ್ದಲಿನ ರಾಶಿ ಬಿದ್ದಿರುತ್ತದಲ್ಲ, ಅದನ್ನು ಮೂಸಿ ನೋಡುವುದೇ ಮೂವತ್ತೊಂದು ವರ್ಷದಿಂದ ಅವನ ಕೆಲಸ. ಕಲ್ಲಿದ್ದಲಿನ ಬುದ್ಧಿ ನಿಮಗೆ ಗೊತ್ತಿರಲಿಕ್ಕಿಲ್ಲ. ಯಾರೂ ಕಡ್ಡಿ ಗೀರಬೇಕಾಗಿಲ್ಲ. ನೆನೆದು, ಒಣಗಿ, ತನ್ನ ಪಾಡಿಗೆ ಬಿದ್ದುಕೊಂಡಿದ್ದರೂ ಒಳಗೊಳಗೇ ಕಾದು ಹೊತ್ತಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಗಟ್ಟಿ ನೆಲ, ಕೆಳಗೆ ಉರಿದು ಪೊಳ್ಳು. ಹೊಗೆ ಕಾಣುವ ಎಷ್ಟೋ ಮೊದಲು ಸೀಮೆಎಣ್ಣೆಯಂಥ ಒಂದು ಸಿಹಿ ವಾಸನೆ ಏಳುತ್ತದೆ. ಅದನ್ನು ಹಿಡಿಯುವ ಮೂಗು ನೂರರಲ್ಲಿ ಒಬ್ಬನಿಗಿದ್ದರೆ ಹೆಚ್ಚು.

ದಿನಾ ಬೆಳಿಗ್ಗೆ ಆಳುದ್ದದ ಕಬ್ಬಿಣದ ಸಲಾಕೆ ಹಿಡಿದು ರಾಶಿ ಸುತ್ತುವುದು, ಚುಚ್ಚುವುದು, ಎಳೆದು ಮೂಸುವುದು. ಎಲ್ಲ ಸರಿಯಿದ್ದರೆ ಸಲಾಕೆಯನ್ನು ರಾಶಿಯ ಮೇಲೆ ನೆಟ್ಟಗೆ ನೆಟ್ಟು ಬರುವುದು, ಸಂಶಯವಿದ್ದರೆ ಅಡ್ಡ ಮಲಗಿಸುವುದು. ನಿಂತ ಸಲಾಕೆ ಕಂಡರೆ ಬುಲ್ಡೋಜರು ರಾಶಿ ಹತ್ತಿ ಕಲ್ಲಿದ್ದಲನ್ನು ಬಾಯ್ಲರಿನ ಕಡೆಗೆ ತಳ್ಳಬೇಕು. ಮಲಗಿದ್ದರೆ ಸಾಕ್ಷಾತ್ ಮಂತ್ರಿಯೇ ಬಂದು ಹೇಳಿದರೂ ಹತ್ತುವ ಹಾಗಿಲ್ಲ. ಆ ಡೋಜರು ಓಡಿಸುವವಳು ಬೇರೆ ಯಾರೂ ಅಲ್ಲ, ಮೇಷ್ಟ್ರ ಒಬ್ಬಳೇ ಮಗಳು.

ಮೇಷ್ಟ್ರು ಕೆಲಸಕ್ಕೆ ಸೇರಿದಾಗ, ಇನ್ನು ಹತ್ತೇ ವರ್ಷ, ಆಮೇಲೆ ದೇಶ ಕಲ್ಲಿದ್ದಲಿನ ಸಹವಾಸವನ್ನೇ ಬಿಡುತ್ತದೆ ಅಂದಿದ್ದರು. ಹತ್ತು ಹೋಗಿ ಇಪ್ಪತ್ತಾಯಿತು, ಇಪ್ಪತ್ತು ಹೋಗಿ ಮೂವತ್ತಾಯಿತು. ಎರಡು ಸಲ ಮುಚ್ಚುವ ದಿನ ಗೊತ್ತುಮಾಡಿ, ಭಾಷಣ ಬಿಗಿದು, ಎಲ್ಲರ ಕೈ ಕುಲುಕಿ, ಕೊನೇ ಗಳಿಗೆಯಲ್ಲಿ ಮುಂದಕ್ಕೆ ಹಾಕಿದರು. ಮೂಗಿಗೆ ತುಪ್ಪ ಸವರುವುದರಲ್ಲಿ ಸರ್ಕಾರದವರನ್ನು ಮೀರಿಸುವವರು ಹುಟ್ಟಬೇಕಷ್ಟೆ.

ಎರಡು ವರ್ಷದ ಹಿಂದೆ ಮೇಷ್ಟ್ರಿಗೆ ಒಂದು ವಾರ ಜ್ವರ ಬಂತು. ಜ್ವರವೇನೋ ಬಿಟ್ಟಿತು, ವಾಸನೆಯನ್ನು ಹೊತ್ತುಕೊಂಡು ಹೋಯಿತು. ಅದು ಗೊತ್ತಾಗಿದ್ದು ಅಡುಗೆಮನೆಯಲ್ಲಿ. ಹಾಲು ಉಕ್ಕಿ, ತಳ ಹತ್ತಿ, ಪಾತ್ರೆ ಕರಕಲಾಗುತ್ತಿದ್ದರೂ ಇವನು ಪಕ್ಕದಲ್ಲೇ ಪೇಪರು ಓದುತ್ತ ಕೂತಿದ್ದ. ಮಗಳು ಓಡಿ ಬಂದು ಒಲೆ ಆರಿಸಿದಳು.

“ಏನಪ್ಪಾ, ಮೂಗನ್ನ ಪ್ಲಾಂಟಲ್ಲೇ ಮರೆತು ಬಂದ್ಯಾ?” ಎಂದು ನಕ್ಕಳು.

ಅವನೂ ನಕ್ಕ. ಅವಳು ಆಚೆ ಹೋದಮೇಲೆ ಕರಕಲು ಪಾತ್ರೆಯನ್ನು ಮೂಗಿಗೆ ಹಿಡಿದು ನೋಡಿದ, ಒಂದಿಷ್ಟೂ ವಾಸನೆ ಇರಲಿಲ್ಲ.

ಆಗಲೇ ಹೇಳಬೇಕಿತ್ತು, ಪುಣ್ಯಾತ್ಮ ಹೇಳಲಿಲ್ಲ. ಮೂಗಿಲ್ಲದ ಮೂಗಿನ ಮೇಷ್ಟ್ರನ್ನು ಯಾರು ಕೇಳುತ್ತಾರೆ? ನಾಚಿಕೆ ಅವನ ಬಾಯಿ ಕಟ್ಟಿತು. ಅದೂ ಅಲ್ಲದೆ ಮೂರನೇ ಸಲ ಮುಚ್ಚುವ ದಿನ ಗೊತ್ತಾಗಿತ್ತು, ಉಳಿದದ್ದು ಎಂಟೇ ತಿಂಗಳು. ರಾಶಿ ದಿನದಿನಕ್ಕೂ ಕರಗುತ್ತಿತ್ತು, ತಗ್ಗಿದ ರಾಶಿ ಸುಲಭಕ್ಕೆ ಹೊತ್ತುವುದಿಲ್ಲ. ಸಲಾಕೆಯನ್ನು ಕೆನ್ನೆಗೆ ಒತ್ತಿ ಬಿಸಿ ನೋಡುತ್ತ ಹೇಗೋ ದಿನ ತಳ್ಳಿದ. ಎಂಟನೇ ತಿಂಗಳಲ್ಲಿ ಆದೇಶ ಬಂತು, ಇನ್ನೂ ಐದು ವರ್ಷ ಅಂತ. ಕೆಲಸ ಉಳಿಯಿತೆಂದು ಕಾಲೋನಿಯವರು ಕುಣಿದಾಡಿದರು. ರೈಲಿನ ಮೇಲೆ ರೈಲು ಬಂದು ಪುಡಿಪುಡಿ ಕಲ್ಲಿದ್ದಲು ಸುರಿಯಿತು, ರಾಶಿ ಮತ್ತೆ ಮೂರಂತಸ್ತಿಗೆ ಏರಿತು, ಪಕ್ಕದಲ್ಲಿ ಇನ್ನೊಂದು ಚಿಕ್ಕ ರಾಶಿಯೂ ಎದ್ದಿತು. ನಾಳೆ ಹೇಳಿದರಾಯಿತು ಎಂದುಕೊಂಡು ಮೇಷ್ಟ್ರು ಸಲಾಕೆ ನೆಡುತ್ತಲೇ ಹೋದ.

ಅವತ್ತು ಕೊರೆಯುವ ಚಳಿ. ವಾರವಿಡೀ ಮಳೆ ಹೊಡೆದು ಹಿಂದಿನ ದಿನವಷ್ಟೇ ಬಿಟ್ಟಿತ್ತು. ರಾಶಿಯ ಬಡಗಣ ಮಗ್ಗುಲಿನಲ್ಲಿ ಒಂದು ಬೀದಿನಾಯಿ ಹಾಯಾಗಿ ಕಾಲು ಚಾಚಿ ಮಲಗಿತ್ತು. ಇಷ್ಟು ಜಾಗ ಬಿಟ್ಟು ಇದಕ್ಕೆ ಇಲ್ಲೇ ಯಾಕೆ ಬೆಚ್ಚಗಾಯಿತು? ಮೇಷ್ಟ್ರು ನಾಯಿಯ ಪಕ್ಕದಲ್ಲಿ ಸಲಾಕೆ ಚುಚ್ಚಿದ, ಎಳೆದು ಕೆನ್ನೆಗಿಟ್ಟ. ಬಿಸಿಯೋ, ತನ್ನ ಕೆನ್ನೆಯೇ ಮರಗಟ್ಟಿದೆಯೋ ತಿಳಿಯಲಿಲ್ಲ. ಮೂಗಿಗೆ ಹಿಡಿದು ಜೋರಾಗಿ ಉಸಿರೆಳೆದ. ಏನೂ ಇಲ್ಲ. ಇನ್ನೊಂದು ಸಲ ಚುಚ್ಚಿದ. ಕಣ್ಣಲ್ಲಿ ನೀರು ಬಂತು. ಸಾಕಪ್ಪಾ ಈ ನಾಟಕ, ಹಾಳಾಗಿ ಹೋಗಲಿ ಮರ್ಯಾದೆ, ಇವತ್ತು ಹೇಳಿಯೇ ಬಿಡುತ್ತೇನೆ ಎಂದುಕೊಂಡು ದಡದಡ ಇಳಿದು ಪಾಳಿ ಇಂಜಿನಿಯರ್ ಕೋಣೆಗೆ ನಡೆದ.

“ಸಾರ್, ನನಗೆ ವಾಸನೆ ಬರಲ್ಲ.”

“ನೆಗಡಿನಾ ಮೇಷ್ಟ್ರೇ?”

“ನೆಗಡಿ ಅಲ್ಲ ಸಾರ್. ಎರಡು ವರ್ಷ ಆಯ್ತು.”

ಇಂಜಿನಿಯರ್ ಎದ್ದು ಬಾಗಿಲು ಹಾಕಿ ಬಂದ. ಒಳ್ಳೆಯ ಹುಡುಗನೇ, ಪಾಪ, ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. “ನೀವು ಹೇಳಿಲ್ಲ, ನಾನು ಕೇಳಿಲ್ಲ. ಬಿಸಿ ತೋರಿಸೋ ಕ್ಯಾಮೆರಾ ಬೇಕು ಅಂತ ಬರೆದು ಮೂರು ವರ್ಷ ಆಯ್ತು. ಮುಚ್ಚೋ ಪ್ಲಾಂಟಿಗೆ ಯಾಕೆ ಅಂದ್ರು. ಈಗ ನೋಡಿದ್ರೆ ಮನೆಮನೇಲೂ ಹೀಟರು. ಆ ರಾಶಿ ನಿಲ್ಲಿಸಿದ್ರೆ ಅರ್ಧ ಊರು ಕತ್ತಲು, ನನ್ನ ತಲೆ ಹೋಗುತ್ತೆ. ಸುಮ್ನೆ ಸಲಾಕೆ ನೆಟ್ಕೊಂಡು ಓಡಾಡಿ ಮೇಷ್ಟ್ರೇ, ಅಷ್ಟು ಸಾಕು.”

“ಮೇಲೆ ಹತ್ತೋದು ನನ್ನ ಮಗಳು ಸಾರ್!” ಅಂದ ಮೇಷ್ಟ್ರು. ಅಂದವನೇ ತನ್ನ ಕೈ ನೋಡಿಕೊಂಡ. ಕೈ ಖಾಲಿ ಇತ್ತು.

ಕಿಟಕಿಯಿಂದ ರಾಶಿ ಕಾಣುತ್ತಿತ್ತು. ಎರಡನೇ ಸಲ ಚುಚ್ಚಿದ ಸಲಾಕೆಯನ್ನು ಎಳೆಯದೆ ಬಂದಿದ್ದ. ಮೂವತ್ತೊಂದು ವರ್ಷದ ಅಭ್ಯಾಸ, ಕೈ ತನ್ನಷ್ಟಕ್ಕೆ ನೆಟ್ಟು ಬಂದಿತ್ತು. ನಾಯಿ ಎದ್ದು ಹೋಗಿತ್ತು. ಹಳದಿ ಡೋಜರು ನೆತ್ತಿ ದಾಟಿ, ಸಲಾಕೆಯನ್ನೇ ಗುರಿಯಿಟ್ಟು ಇಳಿಯುತ್ತಿತ್ತು.

ಮೇಷ್ಟ್ರು ಓಡಿದ. ಬೇಡಾ, ಬೇಡಾ ಎಂದು ಗಂಟಲು ಹರಿಯುವಂತೆ ಕೂಗಿದ. ಡೋಜರಿನ ಸದ್ದಿಗೆ ಯಾರ ಕೂಗು ಕೇಳುತ್ತದೆ? ಅವನ ಕಣ್ಣೆದುರಿಗೇ ನೆಲ ಕುಸಿಯಿತು, ಡೋಜರು ಮೂತಿ ಮುಂದಾಗಿ ಒಳಕ್ಕೆ ಇಳಿಯಿತು, ಆ ತೂತಿನಿಂದ ಬೆಂಕಿ ಎದ್ದಿತು.

ಹತ್ತು ಜನ ಸೇರಿ ಅವಳನ್ನು ಹೊರಗೆಳೆದರು. ಜೀವ ಉಳಿಯಿತು, ಬಲಗಾಲು ಉಳಿಯುವುದಿಲ್ಲವೆಂದರು ಡಾಕ್ಟರು. ಸ್ಥಾವರದಲ್ಲಿ ಇನ್ನೊಂದು ರಾಶಿಯಿಂದ ಕಲ್ಲಿದ್ದಲು ತಿರುಗಿಸಿದ್ದರಿಂದ ಊರಿನಲ್ಲಿ ಒಂದು ಬಲ್ಬೂ ಮಿಣುಕಲಿಲ್ಲ.

ಮೂರನೇ ದಿನ ಮಗಳಿಗೆ ಮಾತಾಡುವಷ್ಟು ಶಕ್ತಿ ಬಂತು. ಮೇಷ್ಟ್ರು ಅವಳ ಕೈ ಹಿಡಿದು ಮಂಚದ ಪಕ್ಕ ಕೂತಿದ್ದ.

“ಡ್ರೈವರ್‌ದೇ ತಪ್ಪು ಅಂತ ಬರ್ಕೊಂಡ್ರಂತೆ. ಸಲಾಕೆ ನಿಂತಿತ್ತಲ್ಲಪ್ಪಾ? ನಾನು ಸರಿಯಾಗೇ ನೋಡಿದೆ ಅಲ್ವಾ?”

“ನಿಂತಿತ್ತಮ್ಮಾ. ನೀನು ಸರಿಯಾಗೇ ನೋಡಿದೆ.”

ಅಲ್ಲಿಗೇ ಬಿಡಬಹುದಿತ್ತು. ಗೊತ್ತಿದ್ದ ಇನ್ನೊಬ್ಬ, ಆ ಇಂಜಿನಿಯರ್, ತಾನು ಕೇಳಿಯೇ ಇಲ್ಲವೆಂದು ಆಗಲೇ ಹೇಳಿಬಿಟ್ಟಿದ್ದ. ಮೇಷ್ಟ್ರು ಬಿಡಲಿಲ್ಲ.

“ನನಗೆ ವಾಸನೆ ಬರಲ್ಲ ಮಗಳೇ. ಆವತ್ತು ಹಾಲು ಸೀದಿತ್ತಲ್ಲ, ಆವಾಗಿಂದ.”

ಅವಳು ಚಾವಣಿಯ ಕಡೆ ಮುಖ ತಿರುಗಿಸಿದಳು. ಅಲ್ಲಿ ಟ್ಯೂಬ್‌ಲೈಟು ಹಗಲಲ್ಲೂ ಉರಿಯುತ್ತಿತ್ತು. ಆಮೇಲೆ ಮೆಲ್ಲಗೆ ಅಪ್ಪನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

“ಎರಡು ವರ್ಷ ದಿನಾ ಹತ್ತಿದ್ದೀನಲ್ಲಪ್ಪಾ ನಾನು” ಎಂದಳು.