ಎಡಹುಬ್ಬಿನ ಗಾಯ

ವಾರಪತ್ರಿಕೆ ಬಾಗಿಲ ಸಂದಿಯಿಂದ ಒಳಗೆ ಬಿದ್ದ ಸದ್ದು ಕೇಳಿದ್ದೇ ತಡ, ಮಸಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಕೆಳಗೆ ಬಂದಳು. ಹಲ್ಲುಜ್ಜುವ ಬ್ರಷ್ಷು ಇನ್ನೂ ಬಾಯಲ್ಲೇ ಇತ್ತು.

ಅವಳಿಗೆ ಒಳ್ಳೆಯ ಹೆಸರೇ ಇಟ್ಟಿದ್ದರು. ಆದರೆ ಚಿಕ್ಕಂದಿನಿಂದ ಬೆರಳುಗಳಿಗೆ ಹತ್ತಿದ ಶಾಯಿ ಒಂದು ದಿನವೂ ಪೂರ್ತಿ ತೊಳೆದುಹೋಗದ ಕಾರಣ, ಮನೆಯಲ್ಲೂ ಬೀದಿಯಲ್ಲೂ ಅವಳು ಮಸಿಯಾಗಿಯೇ ಉಳಿದಳು. ಹದಿನೆಂಟು ತುಂಬಿದ ಈ ಮಸಿಯ ಮೊದಲ ಚಿತ್ರಕಥೆ ಇಂದಿನ ಸಂಚಿಕೆಯಲ್ಲಿ ಅಚ್ಚಾಗಬೇಕಿತ್ತು.

ಅಚ್ಚಾಗಿತ್ತು. ಮಸಿ ನೆಲದ ಮೇಲೇ ಕುಳಿತು ಪುಟ ತಿರುವಿದಳು. ತಿರುವಿದಂತೆ ಅವಳ ಎದೆಯಲ್ಲಿ ಏನೋ ಒಂದು ಹಳಿ ತಪ್ಪಿತು. ಗೆರೆಗಳು ಅವಳವೇ, ಕಿಟಕಿ ಅವಳದೇ, ಬಾಗಿಲಲ್ಲಿ ನಿಂತ ನಾಯಕನೂ ಅವಳದೇ ಕೈಯ ಕೂಸು. ಆದರೂ ಎಲ್ಲವೂ ಪರಕೀಯ. ಸ್ವಂತ ಮನೆಯೊಳಗೆ ಹಿಂಬಾಗಿಲಿನಿಂದ ಹೊಕ್ಕಂತೆ.

"ಅಕ್ಕಾ, ಇದರಲ್ಲಿ ಏನೋ ಸರಿ ಇಲ್ಲ. ಏನು ಅಂತ ಹೇಳು."

ಅಕ್ಕ ದರ್ಜಿ. ಮುಂದಿನ ಕೋಣೆಯೇ ಅವಳ ಅಂಗಡಿ. ಹೊಲಿಗೆ ಯಂತ್ರ ನಿಲ್ಲಿಸಿ, ತುಟಿಯಲ್ಲಿ ಕಚ್ಚಿದ್ದ ಗುಂಡುಪಿನ್ನುಗಳನ್ನು ತೆಗೆದು, ಪತ್ರಿಕೆಯನ್ನು ಬೆಳಕಿಗೆ ಹಿಡಿದಳು.

"ಕಥೆ ಗಿಥೆ ನನಗೆ ಗೊತ್ತಾಗಲ್ಲ. ಆದ್ರೆ ನಿನ್ನ ಹೀರೋಗೆ ಹೆಂಗಸರ ಶರ್ಟು ಯಾಕೆ ಹಾಕಿದೀಯ?"

"ಏನು?"

"ಗುಂಡಿ ಹಾಕೋ ಕಾಜ ನೋಡು. ಗಂಡಸರ ಶರ್ಟಿಗೆ ಎಡಕ್ಕಿರುತ್ತೆ, ಇವನಿಗೆ ಬಲಕ್ಕಿದೆ. ದರ್ಜಿ ತಂಗಿಯಾಗಿ ನನ್ನ ಮಾನ ಕಳೆದೆಯಲ್ಲೇ!"

ಮಸಿ ಪತ್ರಿಕೆ ಕಿತ್ತುಕೊಂಡಳು. ಕಾಜ ಬಲಕ್ಕೆ. ನಾಯಕಿ ಪೆನ್ನು ಹಿಡಿದದ್ದು ಎಡಗೈಯಲ್ಲಿ. ಹಾಗಾದರೆ... ಅವಳ ಕಣ್ಣು ನಾಯಕನ ಹುಬ್ಬಿನ ಗಾಯದ ಮೇಲೆ ನಿಂತಿತು. ಬಾಯಿಂದ ಬ್ರಷ್ಷು ಜಾರಿಬಿತ್ತು.

ಗಾಯ ಬಲಹುಬ್ಬಿನಲ್ಲಿತ್ತು.

ಆ ಗಾಯ ಎಡಹುಬ್ಬಿನಲ್ಲಿ ಇರಲೆಂದೇ ಅವಳು ಆ ಕಥೆ ಬರೆದದ್ದು.

ಬೀದಿಯ ತುದಿಯ ಕನ್ನಡಿ ಅಂಗಡಿಯವರಿಗೆ ಅವಳಿ ಗಂಡುಮಕ್ಕಳು. ಕೆಲವೇ ನಿಮಿಷ ಮೊದಲು ಹುಟ್ಟಿದವನು ದೊಡ್ಡವನು, ಆಮೇಲಿನವನು ಚಿಕ್ಕವನು. ಏಳನೆಯ ವಯಸ್ಸಿನಲ್ಲಿ ಇಬ್ಬರೂ ಅಂಗಡಿಯ ಮೂಲೆಯಲ್ಲಿ ಎದುರುಬದುರಾಗಿ ಓಡಿ ಬಂದು ಢಿಕ್ಕಿ ಹೊಡೆದುಕೊಂಡರು. ದೊಡ್ಡವನ ಬಲಹುಬ್ಬು ಸೀಳಿತು, ಚಿಕ್ಕವನ ಎಡಹುಬ್ಬು. ಅಂದಿನಿಂದ ಇಬ್ಬರಲ್ಲಿ ಯಾರು ಯಾರೆಂದು ತಿಳಿಯಲು ಊರಿಗೆಲ್ಲ ಆ ಗಾಯವೇ ಗತಿ.

ಚಿಕ್ಕವನು ಹಿಂದಿನ ವರ್ಷ ಇವಳ ಕೋಣೆಯ ಒಡೆದ ಕಿಟಕಿಗೆ ಗಾಜು ಕೂರಿಸಲು ಬಂದಿದ್ದ. ಗಾಜಿನ ಮೇಲೆ ಕೊರೆಯುವ ವಜ್ರದ ಮೊನೆ ಇಟ್ಟು ಉಸಿರು ಹಿಡಿದು ಒಂದೇ ಗೆರೆ ಎಳೆದ. "ಸರಿಯಾಗಿ ಬಿದ್ದಿಲ್ಲ ಅಂದ್ರೆ?" ಎಂದು ಮಸಿ ಕೇಳಿದ್ದಳು. "ಬಿದ್ದಷ್ಟೇ. ಗೆರೆ ಒಂದೇ ಸಲ. ಮತ್ತೆ ಅದರ ಮೇಲೇ ಎಳೆದ್ರೆ ಚೂರಾಗುತ್ತೆ," ಎಂದಿದ್ದ. "ಮಸೀಲೂ ಹಾಗೇ!" ಎಂದು ಇವಳು ಕೂಗಿಬಿಟ್ಟಿದ್ದಳು. ಅವನು ನಕ್ಕಿದ್ದ. ಅಷ್ಟೇ. ಅಷ್ಟರಲ್ಲೇ ಎಲ್ಲವೂ ಆಗಿಹೋಗಿತ್ತು.

ಆಮೇಲೆ ಏನು ಮಾಡಬೇಕೆಂಬುದನ್ನು ಅವಳಿಗೆ ಕಲಿಸಿದ್ದು ಮಾಂಗಾ ಪುಸ್ತಕಗಳು. ಕಪಾಟಿನ ತುಂಬ ತುಂಬಿದ್ದ ಆ ಜಪಾನಿ ಚಿತ್ರಕಥೆಗಳನ್ನು ಅವಳು ಬಲದಿಂದ ಎಡಕ್ಕೆ ಓದಿ ಓದಿಯೇ ದೊಡ್ಡವಳಾಗಿದ್ದಳು. ಅಲ್ಲಿ ಹುಡುಗ ಬಾಗಿಲಲ್ಲಿ ನಿಂತರೆ ಸಾಕು, ಎಲ್ಲಿಂದಲೋ ಹೂವಿನ ಎಸಳುಗಳು ಹಾರಿಬರುತ್ತವೆ. ಎದೆಬಡಿತವನ್ನು ಪುಟಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಹುಡುಗಿಯ ಗಂಟಲಲ್ಲಿ ಮಾತು ಸಿಕ್ಕಿಕೊಂಡು ಸಂಪುಟಗಳೇ ಕಳೆಯುತ್ತವೆ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಮಸಿಯೂ ಹೇಳಲಿಲ್ಲ. ಬರೆದಳು. ಬಲದಿಂದ ಎಡಕ್ಕೆ, ಮಾಂಗಾದ ಕ್ರಮದಲ್ಲೇ, ಕನ್ನಡಿ ಅಂಗಡಿಯ ಹುಡುಗನೊಬ್ಬನ ಕಥೆ. ಕೊನೆಯ ಚೌಕದಲ್ಲಿ ನಾಯಕಿ ಹೇಳುವ ಒಂದೇ ಮಾತು: "ನಾನು ಕಾಯ್ತಾ ಇದ್ದದ್ದು ನಿನ್ನನ್ನೇ." ಎಡಹುಬ್ಬನ್ನು ನೋಡಿ ಅವನು ತಿಳಿದುಕೊಳ್ಳಲಿ ಎಂದಷ್ಟೇ ಅವಳ ಲೆಕ್ಕಾಚಾರ.

ಅವಳು ಪತ್ರಿಕೆಯ ಕಚೇರಿಗೆ ಫೋನು ಮಾಡಿದಳು. ಪುಟ ಜೋಡಿಸುವವರು ಸಿಕ್ಕರು.

"ಸಾರ್, ನನ್ನ ಚಿತ್ರಗಳೆಲ್ಲ ತಿರುಗಿ ಬಂದಿವೆ!"

"ಹೌದಮ್ಮ, ತಿರುಗಿಸಿದ್ದು ನಾವೇ. ನೀನು ಬಲದಿಂದ ಎಡಕ್ಕೆ ಬರೆದು ಕಳಿಸಿದೀಯ. ನಮ್ಮ ಓದುಗರು ಎಡದಿಂದ ಓದೋರು. ಅದಕ್ಕೆ ಚಿತ್ರ ಮಗುಚಿ, ಮಾತನ್ನೆಲ್ಲ ಹೊಸದಾಗಿ ಕೂರಿಸಿದೆವು. ಮಾಂಗಾ ಬಂದ್ರೆ ಯಾವಾಗಲೂ ಹಾಗೇ ಮಾಡೋದು. ಚೆನ್ನಾಗಿ ಬಂದಿದೆಯಲ್ಲ?"

"ತುಂಬಾ ಚೆನ್ನಾಗಿ," ಎಂದು ಮಸಿ ಫೋನು ಇಟ್ಟಳು. ಅಷ್ಟರಲ್ಲಿ ಹಾಲು ತರಲು ಹೋಗಿದ್ದ ಅಮ್ಮ ಬಿರುಗಾಳಿಯಂತೆ ಒಳಗೆ ನುಗ್ಗಿದಳು.

"ಏನೇ ಇದು? ಕನ್ನಡಿ ಅಂಗಡಿ ದೊಡ್ಡವನು ಹೊಸ ಶರ್ಟು ಹಾಕ್ಕೊಂಡು, ಪತ್ರಿಕೆ ಹಿಡ್ಕೊಂಡು ಬೀದಿಗೆಲ್ಲ ತೋರಿಸ್ತಾ ಇದಾನೆ! ಹಾಲಿನವನು ನನಗೆ 'ಬೀಗ್ರೇ' ಅಂತಾನೆ! ನಾನು ಕಪ್ಪೆಚಿಪ್ಪಿನ ಹಾಗೆ ಬಾಯಿ ಮುಚ್ಕೊಂಡು ಬಂದೆ."

"ನೀನಾ? ಬಾಯಿ ಮುಚ್ಕೊಂಡಾ?" ಎಂದಳು ಅಕ್ಕ.

"ನೀನು ಸುಮ್ನಿರು. ಇವಳು ಹೇಳ್ಲಿ."

ಹೇಳಲು ಸಮಯವೇ ಸಿಗಲಿಲ್ಲ. ಬಾಗಿಲಲ್ಲಿ ದೊಡ್ಡವನೇ ಪ್ರತ್ಯಕ್ಷನಾಗಿದ್ದ. ಕೂದಲಿಗೆ ನೀರು ಹಚ್ಚಿ ಬಾಚಿದ್ದ. ಮುಖದಲ್ಲಿ ಹುಣ್ಣಿಮೆ.

"ನಮಸ್ಕಾರ ಅಮ್ಮಾವ್ರೇ. ನಮಸ್ಕಾರ ಅಕ್ಕಾ. ಮಸಿ, ನಾನು ಇಷ್ಟು ಚೆನ್ನಾಗಿದೀನಿ ಅಂತ ನನಗೇ ಗೊತ್ತಿರ್ಲಿಲ್ಲ ನೋಡು! ಅಪ್ಪನಿಗೆ ತೋರಿಸಿದೆ, ನಮ್ಮ ಅಂಗಡಿ ಬೋರ್ಡು ಯಾಕೆ ಬರೆದಿಲ್ಲ ಅಂದ್ರು."

ಮಸಿಯ ಗಂಟಲಲ್ಲಿ ಮಾತು ಸಿಕ್ಕಿಕೊಂಡಿತು. ಥೇಟು ಮಾಂಗಾ. "ನನ್ನ ಗಾಜು?" ಎಂದಷ್ಟೇ ಹೊರಬಂತು. ಚಿತ್ರ ಬರೆಯುವ ಅವಳ ಮೇಜಿಗೆ, ಕೆಳಗಿನಿಂದ ದೀಪ ಬೆಳಗುವಂತೆ, ಚಿಕ್ಕವನು ಗಾಜು ತಂದು ಕೂರಿಸಬೇಕಿದ್ದದ್ದು ಈ ಬೆಳಿಗ್ಗೆಯೇ.

"ಅದಾ? ತಮ್ಮ ಬೆಳಿಗ್ಗೆ ಎದ್ದ ಕೂಡಲೇ ಗೆರೆ ಎಳೆದ, ನಮ್ಮಲ್ಲಿಗೆ ಪತ್ರಿಕೆ ಮೊದಲೇ ಬಂತು, ಹಾಗೇ ಬಿಟ್ಟು ಕೂತ. 'ಇನ್ಮೇಲೆ ಆ ಮನೆ ಕೆಲಸ ನಿನ್ನದೇ' ಅಂದ. ಹೊಸ ಹೋಟೆಲ್ಲಿಗೆ ಗಾಜು ಕೂರಿಸೋ ಕೆಲಸ ಬಂದಿದೆಯಲ್ಲ, ಬೇರೆ ಊರಲ್ಲಿ, ಮೂರು ತಿಂಗಳು? ನಮ್ಮಿಬ್ಬರಲ್ಲಿ ಒಬ್ಬರು ಹೋಗಬೇಕಿತ್ತು. ನಿನ್ನೆವರೆಗೂ ಒಲ್ಲೆ ಅಂತಿದ್ದೋನು ಈಗ ತಾನೇ ಚೀಲ ಕಟ್ಟಿದ. ಅಪ್ಪ ವ್ಯಾನಿಗೆ ಗಾಜು ತುಂಬಿಸ್ತಾ ಇದಾರೆ."

ಅಕ್ಕ ತಂಗಿಯ ಮುಖ ನೋಡಿದಳು. ಅಳತೆಪಟ್ಟಿ ಬೇಕಾಗಲಿಲ್ಲ, ಅವಳಿಗೆ ಎಲ್ಲ ತಿಳಿಯಿತು.

"ಮಸಿ, ನಿನ್ನ ಪುಸ್ತಕಗಳಲ್ಲಿ ಇಂಥ ತಪ್ಪು ತಿಳಿವಳಿಕೆ ಎಷ್ಟು ಸಂಪುಟ ಎಳೀತಾರೆ?"

"ಹನ್ನೊಂದು."

"ವ್ಯಾನು ಹನ್ನೊಂದು ಸಂಪುಟ ನಿಲ್ಲಲ್ಲ ಕಣೇ."

ಮಸಿ ಓಡಿದಳು.

ಬಲಗಾಲಿಗೆ ಅಕ್ಕನ ಚಪ್ಪಲಿ, ಎಡಗಾಲಿಗೆ ಅಮ್ಮನದು. ಕೈಯಲ್ಲಿ ಸುರುಳಿ ಸುತ್ತಿದ ಪತ್ರಿಕೆ. ಹಿಂದೆ ದೊಡ್ಡವನು, "ಯಾಕೆ? ಏನಾಯ್ತು? ನಾನಿಲ್ಲೇ ಇದೀನಲ್ಲ!" ಎಂದು ಕೂಗುತ್ತ ಬರುತ್ತಿದ್ದ. ಹಾಲಿನವನು ಸೈಕಲ್ಲಿನಿಂದ ಇಳಿದು ದಾರಿ ಬಿಟ್ಟ. ಬೀದಿಯ ತುದಿಯಲ್ಲಿ ವ್ಯಾನಿನ ಯಂತ್ರ ಆಗಲೇ ಗುರುಗುಟ್ಟುತ್ತಿತ್ತು. ಕನ್ನಡಿ ಅಂಗಡಿಯ ಯಜಮಾನರು ಗಾಜಿನ ಹಲಗೆಗಳಿಗೆ ಕಂಬಳಿ ಹೊದಿಸಿ ಹಗ್ಗ ಬಿಗಿಯುತ್ತಿದ್ದರು. ಹಗ್ಗಕ್ಕೆ ಇನ್ನೊಂದೇ ಗಂಟು ಬಾಕಿ.

"ಮಾವಾ, ಒಂದು ನಿಮಿಷ!" ಎನ್ನುತ್ತ ಅವಳು ಅಂಗಡಿಯೊಳಗೆ ನುಗ್ಗಿದಳು.

ನುಗ್ಗಿದವಳು ಬೆಚ್ಚಿ ನಿಂತಳು. ನಾಲ್ಕೂ ಗೋಡೆಗಳ ಕನ್ನಡಿಗಳಿಂದ ನೂರು ಮಸಿಯರು ಕೆದರಿದ ಕೂದಲಲ್ಲಿ ಅವಳನ್ನೇ ದಿಟ್ಟಿಸುತ್ತಿದ್ದರು. ನಡುವಿನ ಮೇಜಿನ ಮೇಲೆ ಗೆರೆ ಎಳೆದ ಗಾಜಿನ ಹಲಗೆ ಹಾಗೆಯೇ ಮಲಗಿತ್ತು. ಅದರ ಪಕ್ಕದಲ್ಲಿ ಚಿಕ್ಕವನು ಹೆಗಲಿಗೆ ಚೀಲ ಏರಿಸುತ್ತಿದ್ದ. ಹೂವಿನ ಎಸಳು ಒಂದೂ ಹಾರಲಿಲ್ಲ. ಬಿಸಿಲಿನ ಕೋಲಿನಲ್ಲಿ ಗಾಜಿನ ಧೂಳು ಮಾತ್ರ ಮಿನುಗುತ್ತಿತ್ತು.

"ಬಾಯಿ ಹತ್ರ ಪೇಸ್ಟ್ ಇದೆ," ಎಂದ ಚಿಕ್ಕವನು.

ಮಸಿ ತೋಳಿನಿಂದ ಒರೆಸಿಕೊಂಡಳು. ನೂರು ಮಸಿಯರೂ ಒರೆಸಿಕೊಂಡರು.

"ಅಣ್ಣ ನಿಮ್ಮನೆಗೇ ಬಂದನಲ್ಲ?" ಅವನು ಕಣ್ಣೆತ್ತಲಿಲ್ಲ. "ಕಥೆ ಚೆನ್ನಾಗಿದೆ. ಅಣ್ಣನೂ ಒಳ್ಳೆಯವನು. ಸ್ವಲ್ಪ ಮಾತು ಜಾಸ್ತಿ, ಅಷ್ಟೇ."

"ಅದು ಅವನಲ್ಲ!"

ಹೊರಗೆ ಯಜಮಾನರು ಹಾರ್ನ್ ಒತ್ತಿದರು. ಮಸಿ ಅವನ ಕೈ ಹಿಡಿದು ಎಳೆದು ಗೋಡೆಯ ದೊಡ್ಡ ಕನ್ನಡಿಯ ಮುಂದೆ ನಿಲ್ಲಿಸಿ, ಪತ್ರಿಕೆಯಲ್ಲಿ ಕಥೆಯ ಕೊನೆಯ ಪುಟ ಬಿಚ್ಚಿ ಕನ್ನಡಿಗೆ ಹಿಡಿದಳು.

"ನೋಡು. ಪತ್ರಿಕೆಯವರು ಚಿತ್ರ ಮಗುಚಿಬಿಟ್ಟಿದಾರೆ. ನಾನು ಬರೆದದ್ದು ಹೀಗೆ. ಗಾಯ ಎಲ್ಲಿದೆ ನೋಡು."

ಕನ್ನಡಿಯೊಳಗೆ ಎಲ್ಲವೂ ಸ್ವಸ್ಥಾನಕ್ಕೆ ಮರಳಿತ್ತು. ಕಾಜ ಎಡಕ್ಕೆ, ಪೆನ್ನು ಬಲಗೈಗೆ, ಗಾಯ ನಾಯಕನ ಎಡಹುಬ್ಬಿಗೆ. ಚಿಕ್ಕವನ ಕೈ ತಾನಾಗಿಯೇ ತನ್ನ ಹುಬ್ಬನ್ನು ಮುಟ್ಟಿತು.

"ಬೆಳಿಗ್ಗೆ ಪುಟ ತೆಗೆದ ಕೂಡಲೇ ಇದು ನಾನೇ ಅನ್ನಿಸಿತ್ತು," ಎಂದ. "ದಿನವಿಡೀ ಈ ಕನ್ನಡಿಗಳಲ್ಲಿ ನನಗೆ ಕಾಣೋದು ಅಚ್ಚಾಗಿರೋ ಮುಖಾನೇ. ಎದೆ ಧಡಕ್ ಅಂತು. ಆಮೇಲೆ ತಲೆ ಎತ್ತಿದೆ. ಎದುರಿಗೆ ಕೂತು ತಿಂಡಿ ತಿಂತಿದ್ದ ಅಣ್ಣಂದೂ ಅದೇ ಮುಖ."

"ಹಾಗಿದ್ರೆ ಬಂದು ಕೇಳಬಾರದಿತ್ತಾ?"

"ನೀನು ಹೇಳಬಾರದಿತ್ತಾ?"

ಮತ್ತೆ ಹಾರ್ನ್, ಈ ಸಲ ಉದ್ದಕ್ಕೆ. ಚಿಕ್ಕವನು ಕನ್ನಡಿಯತ್ತ ಬಾಗಿ ಕೊನೆಯ ಚೌಕವನ್ನು ದಿಟ್ಟಿಸಿದ. ಅಲ್ಲಿ ಹೊಸ ಫಜೀತಿ. ಚಿತ್ರವೇನೋ ಸರಿಯಾಗಿತ್ತು, ಆದರೆ ಪತ್ರಿಕೆಯವರು ಹೊಸದಾಗಿ ಕೂರಿಸಿದ ಮಾತುಗಳು ಈಗ ತಲೆಬುಡ ತಿಳಿಯದಂತೆ ತಿರುಗಿ ನಿಂತಿದ್ದವು.

"ಇಲ್ಲಿ ಓದಕ್ಕಾಗ್ತಿಲ್ಲ. ಪೇಪರಲ್ಲಿ ಓದಿದ್ರೆ ಅದು ಅಣ್ಣನಿಗೆ ಹೇಳಿದ ಮಾತು. ನನಗೆ ಹೇಳಿದ್ದು ಏನು?"

ಮಸಿಗೆ ಒಂದೇ ಕ್ಷಣದಲ್ಲಿ ಎಲ್ಲ ಹೊಳೆಯಿತು. ಕಪಾಟಿನ ಅಷ್ಟೂ ಹುಡುಗಿಯರು ಈ ಹೊಸ್ತಿಲಿನವರೆಗೆ ಅವಳ ಕೈ ಹಿಡಿದು ತಂದಿದ್ದರು. ನಾಚುವುದನ್ನು ಕಲಿಸಿದ್ದರು, ಕಾಯುವುದನ್ನು ಕಲಿಸಿದ್ದರು. ಇಲ್ಲಿಂದ ಮುಂದೆ ಅವಳಿಗೆ ಚೌಕವೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಇದ್ದದ್ದು ಬಾಯಿ ಒಂದೇ. ಅವಳು ಪತ್ರಿಕೆ ಮಡಚಿ ಮೇಜಿನ ಮೇಲಿಟ್ಟಳು. ಕನ್ನಡಿಗೆ ಬೆನ್ನು ಮಾಡಿ, ಅವನ ಮುಖಕ್ಕೇ ಮುಖ ಕೊಟ್ಟು ನಿಂತಳು.

"ನಾನು ಕಾಯ್ತಾ ಇದ್ದದ್ದು ನಿನ್ನನ್ನೇ."

ಬಾಗಿಲಲ್ಲಿ ಯಾರೋ ಏದುಸಿರು ಬಿಡುತ್ತಿದ್ದರು. ದೊಡ್ಡವನು. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಬಾಚಿದ ಕೂದಲು ಓಡಿದ ರಭಸಕ್ಕೆ ಹುಲ್ಲಿನ ಬಣವೆಯಾಗಿತ್ತು. ಅವನ ಮುಖದ ಹುಣ್ಣಿಮೆ ಸ್ವಲ್ಪ ಹೊತ್ತು ಮೋಡದ ಹಿಂದೆ ಸರಿಯಿತು. ಹೊಸ ಶರ್ಟಿನ ಕಾಲರನ್ನು ಸರಿಪಡಿಸಿಕೊಂಡು, ಬಿಟ್ಟು, ಮತ್ತೆ ಸರಿಪಡಿಸಿಕೊಂಡ.

"ಹಾಗಾದ್ರೆ ಈ ಕಥೇಲಿ ನಾನು ಯಾರು?"

"ಅಚ್ಚಿನ ತಪ್ಪು," ಎಂದುಬಿಟ್ಟು ಮಸಿ ನಾಲಿಗೆ ಕಚ್ಚಿಕೊಂಡಳು. "ಕೋಪ ಬಂತಾ?"

"ಬಂತು. ಬೀದಿಗೆಲ್ಲ ತೋರಿಸಿದೀನಲ್ಲ! ಹಾಲಿನವನ ಮುಖ ಹೇಗೆ ನೋಡ್ಲಿ?" ಅವನು ಅಂಗಡಿಯನ್ನೊಮ್ಮೆ ಸುತ್ತ ನೋಡಿದ. ಆ ಇಬ್ಬರಂಥ ನೂರು ಜೋಡಿ ಕನ್ನಡಿಗಳಲ್ಲಿ ನಿಂತು ಅವನ ತೀರ್ಮಾನಕ್ಕೆ ಕಾಯುತ್ತಿದ್ದರು. ಅವನು ಮುಂದೆ ಬಂದು ತಮ್ಮನ ಹೆಗಲಿಂದ ಚೀಲ ಕಿತ್ತುಕೊಂಡ. "ಕೊಡೋ ಇಲ್ಲಿ. ಮೂರು ತಿಂಗಳು ಈ ಬೀದಿಗೆ ಮುಖ ತೋರಿಸದೆ ಇರೋಕೆ ನನಗೆ ಇದಕ್ಕಿಂತ ಒಳ್ಳೇ ಜಾಗ ಎಲ್ಲಿ ಸಿಗುತ್ತೆ? ಮಸಿ, ಮುಂದಿನ ಕಥೇಲಿ ನನಗೊಂದು ಪಾತ್ರ ಇರ್ಲಿ. ಗಾಯ ಎಲ್ಲಿ ಬೇಕಾದ್ರೂ ಬರಿ, ಆದ್ರೆ ಬೋರ್ಡು ಮಾತ್ರ ಮರೀಬೇಡ."

ವ್ಯಾನಿನ ಬಾಗಿಲು ಧಡಾರನೆ ಮುಚ್ಚಿತು. "ಯಾವನೋ ನೀನು, ದೊಡ್ಡವನಾ ಚಿಕ್ಕವನಾ?" ಎಂದು ಯಜಮಾನರು ಕೇಳಿದ್ದು ಒಳಗೂ ಕೇಳಿಸಿತು. ವ್ಯಾನು ತಿರುವು ದಾಟಿತು.

ಅಂಗಡಿಯಲ್ಲಿ ಇಬ್ಬರೇ ಉಳಿದರು. ಚಿಕ್ಕವನ ಕಿವಿ ಕೆಂಪಾಗಿತ್ತು.

"ಇನ್ನೊಂದು ಸಲ ಹೇಳು."

ಮಸಿ ಇಲ್ಲವೆಂದು ತಲೆಯಾಡಿಸಿದಳು. ನಗು ತಡೆಯಲಾರದೆ ತುಟಿ ಅದುರುತ್ತಿತ್ತು.

"ಗೆರೆ ಒಂದೇ ಸಲ."

ಅವನು ಅವಳನ್ನೇ ನೋಡುತ್ತ ಮೇಜಿನ ಬಳಿ ಹೋದ. ಬೆಳಿಗ್ಗೆಯಿಂದ ಗೆರೆ ಹೊತ್ತು ಕಾಯುತ್ತಿದ್ದ ಗಾಜಿನ ಹಲಗೆಯನ್ನು ಮೇಜಿನ ಅಂಚಿಗೆ ಸರಿಸಿ, ಎರಡೂ ಕೈಗಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಒತ್ತಿದ.

ಟಕ್!

ಗಾಜು ಗೆರೆಯುದ್ದಕ್ಕೂ ನೇರವಾಗಿ ಎರಡಾಯಿತು. ಒಂದು ಚೂರೂ ಸಿಡಿಯಲಿಲ್ಲ.