ರಟ್ಟಿನ ಕೀಬೋರ್ಡು

ಇಪ್ಪತ್ತಾರು ವರ್ಷ ನಾನು ಬೀಗ ಮಾಡಿದೆ. ಒಂದು ಸೋಮವಾರ ಮಾಲೀಕರು ನಮ್ಮದೇ ಬೀಗವನ್ನು ಕಾರ್ಖಾನೆಯ ಗೇಟಿಗೆ ಜಡಿದು ಕೈ ತೊಳೆದುಕೊಂಡರು. ಸರ್ಕಾರದ ಕರುಳು ಚುರುಕ್ ಎಂದಿತು. ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸಲು ಅನುದಾನ ಬಿಡುಗಡೆಯಾಯಿತು. ನನ್ನ ಕಡತದಲ್ಲಿ ‘ಹಳೆಯ ಕಸುಬು: ಚಲಾವಣೆಯಲ್ಲಿಲ್ಲ’ ಎಂದು ಗೀಚಿ, ನನ್ನನ್ನು ಕಂಪ್ಯೂಟರ್ ತರಬೇತಿಗೆ ಅಟ್ಟಿದರು.

ನಾವು ಹತ್ತೊಂಬತ್ತು ಜನ. ಕಂಪ್ಯೂಟರುಗಳೇನೋ ಬಂದಿದ್ದವು. ಆದರೆ ಅವು ಒಳಕೋಣೆಯಲ್ಲಿ, ಕೋಣೆಗೆ ಬೀಗ, ಬೀಗದ ಕೈ ಹಿಂದಿನ ಮೇಲ್ವಿಚಾರಕರ ಜೇಬಿನಲ್ಲಿ, ಆ ಪುಣ್ಯಾತ್ಮ ವರ್ಗವಾಗಿ ಇನ್ನೆಲ್ಲೋ. ಬೀಗ ಒಡೆದರೆ ಸರ್ಕಾರಿ ಆಸ್ತಿಗೆ ಹಾನಿ. ಹಾಗಾಗಿ ಮೇಲಿನವರಿಗೆ ಪತ್ರ ಬರೆದಿದ್ದರು. ಉತ್ತರ ಬರುವವರೆಗೂ ಹಜಾರವೇ ತರಗತಿ. ಪಾಠ ಹೇಳುವ ಮೇಡಂ ರಟ್ಟಿನ ಮೇಲೆ ಕೀಬೋರ್ಡ್ ಬರೆಸಿ ತಲೆಗೊಂದು ಹಂಚಿದರು.

“ಎಲ್ರೂ ಅವರವರ ಊರಿನ ಹೆಸರು ಒತ್ತಿ.”

ಒತ್ತಿದೆವು. ಆರು ವಾರ ಏನೇನೋ ಒತ್ತಿದೆವು. ಯಾರದೂ ಒಂದಕ್ಷರ ತಪ್ಪಾಗಲಿಲ್ಲ. ಮೇಡಂ ಎಲ್ಲರಿಗೂ ‘ಉತ್ತಮ’ ಎಂದು ಬರೆದುಕೊಂಡರು.

ಅಷ್ಟರಲ್ಲಿ ದೊಡ್ಡಾಸ್ಪತ್ರೆಯಲ್ಲಿ ರೋಗಿಗಳ ವಿವರ ತುಂಬಲು ನಾಲ್ಕು ಜನ ಬೇಕೆಂದು ತಿಳಿಯಿತು. ಶುಕ್ರವಾರ ಪರೀಕ್ಷೆ, ನಿಜವಾದ ಕಂಪ್ಯೂಟರಿನ ಮೇಲೆ, ನಮ್ಮ ಕೇಂದ್ರ ಕಳಿಸುವ ನಿರುದ್ಯೋಗಿಗಳಿಗೆ ಮಾತ್ರ. ಇದು ತಪ್ಪಿದರೆ ಐವತ್ತೆರಡು ದಾಟಿದ ನನ್ನನ್ನು ಇನ್ನು ಯಾರೂ ಕರೆಯುವುದಿಲ್ಲ ಎಂದು ನನಗೂ ಗೊತ್ತಿತ್ತು, ಹೆಂಡತಿಗೂ ಗೊತ್ತಿತ್ತು.

“ರಟ್ಟಿನ ಮೇಲೆ ಕಲಿತೋರನ್ನ ರಟ್ಟಿನ ಆಸ್ಪತ್ರೇಲಿ ತಗೋತಾರೆ, ಬಿಡಿ,” ಎಂದಳು ಅವಳು, ಹೊಲಿಗೆ ಮಷಿನ್ ನಿಲ್ಲಿಸದೆ.

ನನಗೆ ನಗು ಬರಲಿಲ್ಲ, ಹೆದರಿಕೆಯಾಯಿತು.

ಬುಧವಾರ ಹೊಸ ಮೇಲ್ವಿಚಾರಕರ ಮುಂದೆ ನಿಂತೆ. “ಸಾರ್, ಅದು ನಮ್ಮ ಕಾರ್ಖಾನೆ ಬೀಗ. ಎರಡು ತಂತಿ ಇದ್ರೆ ತೆಗೀತೀನಿ. ಒಡೆಯೋದೇನೂ ಬೇಡ.”

“ನೀವು ಕಂಪ್ಯೂಟರ್ ವಿಭಾಗದೋರು. ಬೀಗದ ವಿಷಯಕ್ಕೆ ತಲೆ ಹಾಕ್ಬೇಡಿ,” ಎಂದು ಅವರು ಟೀ ಕುಡಿಯಲು ಎದ್ದರು.

ಸರ್ಕಾರಿ ಟೀಗೆ ಮುಕ್ಕಾಲು ಗಂಟೆ. ನನಗೆ ಎರಡೇ ನಿಮಿಷ ಸಾಕಾಯಿತು. ತಂತಿಯ ತುದಿಯಲ್ಲಿ ಒಳಗಿನ ಲಿವರುಗಳು ಒಂದೊಂದಾಗಿ ಮೇಲೆದ್ದಾಗ ಬೆರಳಿಗಾದ ಸುಖ ಏನು ಹೇಳಲಿ! ಎಷ್ಟೋ ತಿಂಗಳ ಮೇಲೆ ನನ್ನನ್ನು ಕಂಡರೆ ನನಗೇ ಇಷ್ಟವಾಯಿತು.

ಮೇಲ್ವಿಚಾರಕರು ಮರಳಿದಾಗ ನಾವೆಲ್ಲ ಒಳಗೆ ಕೂತು ಟಕಟಕ ಒತ್ತುತ್ತಿದ್ದೆವು. ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ. ಅವರು ಬಂದವರೇ ನನ್ನ ಕೈ ಹಿಡಿದು ಕುಲುಕಿದರು.

“ನಮ್ಮ ಮರ್ಯಾದೆ ಉಳಿಸಿಬಿಟ್ರಿ! ವರ್ಷ ಆಗ್ತಾ ಬಂತು, ಇಷ್ಟು ಅನುದಾನ ತಿಂದು ಒಬ್ರಿಗೂ ಕೆಲಸ ಕೊಡಿಸಿಲ್ಲ ಅಂತ ಮೇಲಿನೋರು ಕುತ್ತಿಗೆ ಮೇಲೆ ಕೂತಿದ್ರು.”

ಬೀಗ ಹಿಡಿಸಿ ಫೋಟೋ ತೆಗೆದರು. ಒಂದು ಹಾಳೆಗೆ ಸಹಿ ಹಾಕಿಸಿಕೊಂಡರು. ಹೊಗಳಿದರೆ ಉಬ್ಬುವ ಜಾತಿ ನನ್ನದು, ಓದದೆ ಹಾಕಿದೆ.

ಶುಕ್ರವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಸ್ಪತ್ರೆಯ ಗೇಟಿಗೆ ಹೋದೆ. ಮೇಲ್ವಿಚಾರಕರು ಪಟ್ಟಿ ಓದಿದರು. ಹದಿನೆಂಟು ಜನ ಒಳಗೆ ಹೋದರು.

“ಸಾರ್, ನಾನು?”

“ನಿಮಗೆ ಕೆಲಸ ಸಿಕ್ಕಿದೆಯಲ್ರೀ! ಬೀಗದ ಕಸುಬಿಗೇ ವಾಪಸ್ ಸೇರಿದ್ದೀರಿ ಅಂತ ನೀವೇ ಸಹಿ ಹಾಕಿದ್ದೀರಿ. ಇದು ಕೆಲಸ ಇಲ್ಲದೋರಿಗೆ.”

“ಎಲ್ಲಿ ಸಾರ್ ಸಿಕ್ಕಿರೋದು?”

“ವರದೀಲಿ. ಅದು ಮೇಲಕ್ಕೆ ಹೋಗಿಯಾಯ್ತು. ಈಗ ಇಲ್ಲ ಅಂದ್ರೆ ಅನುದಾನಾನೇ ನಿಲ್ಲುತ್ತೆ. ಉಳಿದೋರ ಹೊಟ್ಟೆ ಮೇಲೆ ಹೊಡೀತೀರಾ?”

ನನ್ನ ಹೊಟ್ಟೆಯ ಮಾತು ಅವರು ಎತ್ತಲಿಲ್ಲ. ಇಷ್ಟು ಬೇಗ ಮನೆಗೆ ಹೋಗಿ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಐದು ಗಂಟೆ ಹೊಡೆಯುವವರೆಗೆ ಎದುರಿನ ಕಟ್ಟೆಯ ಮೇಲೆ ಕೂತಿದ್ದೆ. ಸರ್ಕಾರದ ಲೆಕ್ಕದಲ್ಲಿ ಅಷ್ಟು ಹೊತ್ತೂ ನಾನು ಕೆಲಸದಲ್ಲಿದ್ದೆ.